ಇಪ್ಪತ್ತಾರನೆಯ ಸುತ್ತು

ರಾತ್ರಿ ಹನ್ನೊಂದಕ್ಕೆ ಬಂತು ಡಬ್ಬಿ,
ಮೆನೂಫಿಯಾದಿಂದ ಕೈರೋಗೆ,
ಮಂಜುಗಡ್ಡೆ ಅರ್ಧ ಕರಗಿ, ಮುಚ್ಚಳಕ್ಕೆ ದಪ್ಪ ಟೇಪು.
ಡ್ರೈವರ್ ಶಾಬಾನ್ ಸಹಿ ಹಾಕಿಸಿಕೊಂಡು
"ಹೆಣ್ಣುಮಗಳು. ಉಸಿರು ಎಳೀತಾ ಇದೆ" ಅಂದ.
ನಾನು ಕೇಳಿರಲಿಲ್ಲ.
ಟೀ ಬೇಡವೆಂದು ಕೈ ತೊಳೆಯಲು ಹೋದ,
ಬಹಳ ಹೊತ್ತು ತೊಳೆದ.

ಮೂರು ಕೊಳವೆ. ಗಂಟಲಿನದೊಂದು, ಮೂಗಿನದೊಂದು,
ಶ್ವಾಸನಾಳದಿಂದ ಎಳೆದ ಕಫ ಒಂದು.
ಜೊತೆಗೆ ನಾಲ್ಕು ಮಡಿಕೆಯ ಕಾಗದ:
ಹೆಸರು ಇನ್‌ಸಾಫ್. ವಯಸ್ಸು ಮೂವತ್ತೊಂದು.
ಜ್ವರಕ್ಕೆ ಆರನೆಯ ದಿನ.
ಕೋಳಿ, ಬಾತು, ಪಾರಿವಾಳದ ಒಡನಾಟ ಉಂಟೇ?
ಇಲ್ಲ.
ಮನೆಯಲ್ಲಿ ಹಕ್ಕಿ ಸತ್ತದ್ದುಂಟೇ?
ಇಲ್ಲ.
ಆ ಎರಡನೆಯ ಇಲ್ಲದ ಮೇಲೆ ಪೆನ್ನು ನಿಂತು
ಒಂದು ಚುಕ್ಕೆ ಇಂಕು ಹರಡಿದೆ.
ಬರೆದ ನರ್ಸಿಗೂ ಗೊತ್ತಿತ್ತೇನೋ.

ನನಗೆ ಗೊತ್ತು ಆ ಕಡೆಯ ತಾರಸಿ.
ಮೆಟ್ಟಿಲ ಕೊನೆಗೆ ತಗಡಿನ ಬಾಗಿಲು,
ಹರಿದ ಬಲೆ, ನೆನೆಹಾಕಿದ ರೊಟ್ಟಿಚೂರು,
ಟೀವಿ ಡಿಶ್ಶಿನ ನೆರಳಲ್ಲಿ ಹೆಬ್ಬಾತು.
ಅದು ಬರೀ ಹಕ್ಕಿಯಲ್ಲ, ಹೆಂಗಸಿನ ಗಂಟು:
ಮೊಟ್ಟೆಯಿಂದ ಮಗನ ಪುಸ್ತಕ, ಬಾತಿನಿಂದ
ಬಾಣಂತಿಗೆ ಸಾರು, ಗಂಡ ಕೇಳದ ಲೆಕ್ಕ.
ಬಿಳಿ ಅಂಗಿಯವರು ಚೀಲ ಹಿಡಿದು ಹತ್ತಿದರೆ
ಆ ಗಂಟು ಸುಣ್ಣದ ಗುಂಡಿಗೆ.
ಆದ್ದರಿಂದ ಇಲ್ಲ.
ಉಸಿರು ಯಾವುದಕ್ಕೂ ಸಾಲದಿದ್ದರೂ
ಆ ಒಂದು ಮಾತಿಗೆ ಸಾಕಾಗಿತ್ತು.

ಎರಡು ಜೊತೆ ಗ್ಲೌಸು. ಮೂಗು ಒತ್ತುವ ಮಾಸ್ಕು.
ಗಾಜಿನ ಮರೆಯೊಳಕ್ಕೆ ಮೊಣಕೈವರೆಗೆ ಹೋಗಿ
ವೈರಸ್ಸನ್ನು ಮೊದಲು ಕೊಲ್ಲುತ್ತೇನೆ.
ಸತ್ತ ಮೇಲೆ ಮಾತಾಡಿಸುವುದು ನಮ್ಮ ವಿದ್ಯೆ.
ತೊಳೆದು, ಸೋಸಿ, ಮತ್ತೆ ತೊಳೆದು
ಕೊನೆಗೆ ಉಳಿಯುವುದು ಕಣ್ಣಿಗೆ ನೀರೇ,
ಐದು ಮೈಕ್ರೋಲೀಟರ್. ಒಂದು ಕಣ್ಣಹನಿಯಲ್ಲಿ
ಇಂಥವು ಹತ್ತಾದರೂ ಆದಾವು.

ಯಂತ್ರ ಕಾಯಿಸುತ್ತದೆ, ತಣಿಸುತ್ತದೆ, ಕಾಯಿಸುತ್ತದೆ.
ಒಂದು ಎರಡಾಗಿ, ಎರಡು ನಾಲ್ಕಾಗಿ.
ಇಲ್ಲದ್ದು ಎಷ್ಟು ದುಪ್ಪಟ್ಟಾದರೂ ಇಲ್ಲವೇ;
ಇದ್ದದ್ದು ಮಾತ್ರ ಅಡಗಿರಲಾರದು.

ಮೊದಲು ಏಳುವುದು ಮನುಷ್ಯರ ಗೆರೆ.
ಪ್ರತಿ ಸಲವೂ ಅದನ್ನು ಕೇಳಲೇಬೇಕು:
ಕಡ್ಡಿ ನಿಜವಾಗಿ ಒಬ್ಬರ ಗಂಟಲು ಮುಟ್ಟಿತ್ತೇ?
ಇಪ್ಪತ್ತೆರಡನೆಯ ಸುತ್ತಿಗೆ ಎದ್ದಿತು, ಹಸಿರು.
ಹೌದು, ಒಬ್ಬಳಿದ್ದಾಳೆ.
ಹನ್ನೆರಡು ವರ್ಷದ ಕೆಲಸ; ಈ ಗೆರೆಗೆ ಮಾತ್ರ
ಯಾಕೋ ಒಳಗೊಳಗೇ ಸಲಾಂ ಹೇಳುತ್ತೇನೆ.

ಮಾಮೂಲು ಫ್ಲೂ, ಎಚ್ ಒನ್: ಚಪ್ಪಟೆ.
ಎಚ್ ತ್ರೀ: ಚಪ್ಪಟೆ, ಬೇಸಿಗೆಯ ಕಾಲುವೆ ನೀರಿನ ಹಾಗೆ.
ಇಪ್ಪತ್ತಾರರಲ್ಲಿ ಎಚ್ ಫೈವ್
ತಲೆ ಎತ್ತಿತು, ಮೊದಲು ಅನುಮಾನಿಸಿ,
ಆಮೇಲೆ ಕತ್ತು ನೀಳ ಮಾಡಿ.
ಬಾಯಿ ಇಲ್ಲವೆಂದದ್ದನ್ನು
ಗಂಟಲು ಹೌದೆಂದಿತ್ತು.

ಮತ್ತೊಮ್ಮೆ ಮಾಡಿದೆ, ಮೂಲ ಕೊಳವೆಯಿಂದ.
ನನ್ನ ಕೈಯೇ ತಪ್ಪಿರಲಿ ಎಂದು
ಇಷ್ಟು ಆಸೆಪಟ್ಟದ್ದು ಎಂದೂ ಇಲ್ಲ.
ಮತ್ತೆ ಇಪ್ಪತ್ತಾರು.
ಬರೀ ನೀರು ಹಾಕಿದ್ದ ಕೊಳವೆ
ನಲವತ್ತು ಸುತ್ತೂ ತೆಪ್ಪಗೆ ಕೂತಿತ್ತು.

ಜಾವದಲ್ಲಿ ಡಾಕ್ಟರ್ ರಊಫ್‌ಗೆ ಫೋನು.
"ಔಷಧಿ ನಿನ್ನೆಯೇ ಶುರು. ನಿಮಗೆ ಕಾಯಲಿಲ್ಲ" ಅಂದರು.
ಒಳ್ಳೆಯದೇ. ಹಾಗಾದರೆ ರಾತ್ರಿಯೆಲ್ಲ ನಾನು ಹುಡುಕಿದ್ದು
ಅವಳಿಗಲ್ಲ; ಅದೇ ತಟ್ಟೆಯಲ್ಲಿ ಉಂಡ ಏಳು ಜನಕ್ಕೆ,
ಪಕ್ಕದ ತಾರಸಿಗೆ, ಅದರ ಪಕ್ಕದ್ದಕ್ಕೆ.
ಅವಳಿಗೆ ನಾನು ಕೊಟ್ಟದ್ದು
ಚೀಲ ಹಿಡಿದು ಮೆಟ್ಟಿಲು ಹತ್ತುವವರನ್ನು.

ಬಾಂಗ್ ಕೂಗುವಾಗ ಅಮ್ಮನಿಗೆ ಫೋನು ಮಾಡಿದೆ.
ಈ ಹೊತ್ತಿಗೆ ಎದ್ದು ಮೇಲೆ ಹೋಗಿರುತ್ತಾಳೆ.
"ಅಮ್ಮಾ, ಬಾತುಗಳು?"
"ಯಾವ ಬಾತು? ಹಬ್ಬಕ್ಕೆ ಮೊದಲೇ ಮಾರಿದೆನಲ್ಲ,
ಎಷ್ಟು ಸಲ ಹೇಳಲಿ, ನಜ್ಲಾ."
ಅವಳ ಬೆನ್ನ ಹಿಂದೆ
ಕಾಳು ಚೆಲ್ಲಿದ ಸದ್ದಿಗೆ ಜಗಳ ಎದ್ದಿತು
ಆರೇಳು ಗಂಟಲುಗಳಲ್ಲಿ.